ಕೊನೆಯ ಹಾಳೆಯ ಆ ಒಂದು

ಸವತಿ ಬಂದರೆ ಹೆಂಗಸಿಗೆ ಹೇಗಾಗುತ್ತದೆ ಎಂದು ನನಗೆ ಗೊತ್ತಿಲ್ಲ. ನನ್ನ ಗಂಡ ಅಷ್ಟು ಚುರುಕಿನ ಮನುಷ್ಯನಲ್ಲ. ಆದರೆ ನಮ್ಮ ಹಾಲಿನ ಕಾರ್ಖಾನೆಯ ಕಂಪ್ಯೂಟರ್ ರೂಮಿಗೆ ಎರಡನೆಯ ಕುರ್ಚಿ ಬಂದ ದಿನ ನನ್ನ ಹೊಟ್ಟೆಯಲ್ಲಿ ಆದದ್ದು ಬಹುಶಃ ಅದೇ ಇರಬೇಕು. ಹತ್ತೊಂಬತ್ತು ವರ್ಷ ಆ ರೂಮಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಎಡಗೈ ಕಿತ್ತುಹೋಗಿತ್ತು, ಕೂರುವ ಜಾಗ ನನ್ನ ಆಕಾರಕ್ಕೆ ತಗ್ಗಾಗಿತ್ತು. ಹೊಸದು ಇನ್ನೂ ಪ್ಲಾಸ್ಟಿಕ್ ಹೊದಿಕೆಯೊಳಗೇ ಇತ್ತು. ಅದನ್ನು ತಂದವರು ನನ್ನನ್ನು ಕೇಳದೆ ಯಂತ್ರಕ್ಕೆ ಹತ್ತಿರವಾಗಿ ಇಟ್ಟು ಹೋದರು.

ಕಾರ್ಖಾನೆ ಇರುವುದು ರಾಮನಗರದಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿ. ಖಾಸಗಿಯವರದು. ಸುತ್ತಲಿನ ನಾಲ್ಕು ತಾಲ್ಲೂಕಿನ ಹಳ್ಳಿಗಳಿಂದ ಹಾಲು ಬರುತ್ತದೆ. ನಾನು ಹುಟ್ಟಿದ್ದು ಮಾಗಡಿಯ ಆಚೆ ಕುದೂರಿನ ಹತ್ತಿರ, ಕೊಟ್ಟಿದ್ದು ಕೈಲಾಂಚದ ಕಡೆ. ಗಂಡನ ಮನೆಯಲ್ಲಿ ಹಿಪ್ಪುನೇರಳೆ, ರಾಗಿ, ನಾಲ್ಕು ಹಸು. ಮದುವೆಗೆ ಮೊದಲು ಮಾಡಿದ್ದ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟು ಹಿಡಿದುಕೊಂಡು ಟೈಪಿಂಗ್ ಕೆಲಸಕ್ಕೆಂದು ಸೇರಿದವಳು, ಹಳೆಯ ಆಪರೇಟರು ಬಿಟ್ಟುಹೋದಾಗ ಆ ಯಂತ್ರದ ಮುಂದೆ ಕೂತೆ. ಅವತ್ತಿನಿಂದ ಅದು ನನ್ನದು. ಕಾಗದದಲ್ಲಿ ಕಾರ್ಖಾನೆಯದು, ಅಷ್ಟೆ.

ಯಂತ್ರವೆಂದರೆ ಮನೆಯ ಫ್ರಿಜ್ಜಿಗಿಂತ ಒಸಿ ಗಿಡ್ಡಗಿನ ಕಪ್ಪು ಪೆಟ್ಟಿಗೆ. ಕೋಣೆ ತುಂಬುವ ದೊಡ್ಡ ಕಂಪ್ಯೂಟರೂ ಅಲ್ಲ, ಮೇಜಿನ ಮೇಲೆ ಕೂರುವ ಚಿಕ್ಕದೂ ಅಲ್ಲ, ನಡುವಿನದು. ಅದಕ್ಕೇ ಮಿಡ್‌ರೇಂಜ್ ಎನ್ನುತ್ತಾರೆ. ಪರದೆಯ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಹಸಿರು ಅಕ್ಷರ. ಹೊಸಬರು ನೋಡಿದರೆ ಇದಿನ್ನೂ ಬದುಕಿದೆಯೇ ಎಂದು ನಗುತ್ತಾರೆ. ನಕ್ಕವರ ಕಂಪ್ಯೂಟರುಗಳು ಮೂರು ವರ್ಷಕ್ಕೊಮ್ಮೆ ಗುಜರಿಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದರ ಆರೋಗ್ಯ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಮುಖ್ಯವಾದವು ಎರಡು. ಒಂದು, ಡಿಸ್ಕು ಎಷ್ಟು ತುಂಬಿದೆ ಎಂದು ದಿನಾ ನೋಡುವುದು. ನೂರಕ್ಕೆ ತೊಂಬತ್ತು ದಾಟಿದರೆ ಯಂತ್ರ ಗೊಣಗಲು ಶುರುಮಾಡುತ್ತದೆ, ಪೂರ್ತಿ ತುಂಬಿದರೆ ನಿಂತೇಹೋಗುತ್ತದೆ. ಇನ್ನೊಂದು, ಒಳಗೆ ಏನಾದರೂ ಕೆಟ್ಟಿದೆಯೇ ಎಂದು ಹುಡುಕುವುದು. ಈ ಯಂತ್ರದಲ್ಲಿ ಪ್ರತಿಯೊಂದೂ ಒಂದು ಆಬ್ಜೆಕ್ಟು: ಪ್ರೋಗ್ರಾಮೂ ಆಬ್ಜೆಕ್ಟೇ, ಕಡತವೂ ಆಬ್ಜೆಕ್ಟೇ. ಕರೆಂಟು ಹಠಾತ್ತನೆ ಹೋದರೆ, ಡಿಸ್ಕು ಸವೆದರೆ, ಅವುಗಳಲ್ಲಿ ಒಂದೆರಡು ಕೆಡುತ್ತವೆ. ಕೆಟ್ಟದ್ದು ಹೊರಗೆ ಕಾಣುವುದಿಲ್ಲ. ಯಾರಾದರೂ ಅದನ್ನು ಮುಟ್ಟುವ ತನಕ ಸುಮ್ಮನೆ ಬಿದ್ದಿರುತ್ತದೆ, ಚೀಲದ ತಳದಲ್ಲಿ ಹುಳು ಹಿಡಿದ ಅವರೆಕಾಳಿನ ಹಾಗೆ.

ಅದನ್ನೆಲ್ಲ ಜಾಲಾಡುವ ದೊಡ್ಡ ಚೆಕ್ಕು ಮಾಡುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ಆಗ ಎಲ್ಲರನ್ನೂ ಯಂತ್ರದಿಂದ ಹೊರಗೆ ಹಾಕಬೇಕು, ನಾಲ್ಕೈದು ಗಂಟೆ ಯಾರೂ ಮುಟ್ಟಬಾರದು. ಹಾಲು ಕೇಳಬೇಕಲ್ಲ! ಹಾಗಾಗಿ ಮೂರು ತಿಂಗಳಿಗೊಂದು ಭಾನುವಾರ ಸಿಕ್ಕರೆ ಅದೇ ಪುಣ್ಯ. ನಡುವಿನ ವಾರಗಳಲ್ಲಿ ನಮಗಿದ್ದ ಒಂದೇ ಕನ್ನಡಿ ಎಂದರೆ ಭಾನುವಾರದ ಬ್ಯಾಕಪ್ಪು. ಎಲ್ಲವನ್ನೂ ಟೇಪಿಗೆ ನಕಲು ಮಾಡುವಾಗ ಯಂತ್ರ ಒಂದೊಂದನ್ನೂ ಮುಟ್ಟುತ್ತದಲ್ಲ. ಕೆಟ್ಟದ್ದು ಸಿಕ್ಕರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಕೊನೆಗೆ ಒಂದು ವರದಿ ಅಚ್ಚಾಗುತ್ತದೆ. ಕೊನೆಯ ಹಾಳೆಯ ಕೊನೆಯ ಸಾಲಿನಲ್ಲಿ, ನಕಲಾಗದೆ ಉಳಿದವು ಎಷ್ಟು ಎಂಬ ಲೆಕ್ಕ ಇರುತ್ತದೆ.

ನಮ್ಮಲ್ಲಿ ಆ ಲೆಕ್ಕ ಯಾವಾಗಲೂ ಒಂದು. ಟ್ಯಾಂಕರು ತೂಗುವ ವೇಬ್ರಿಜ್ಜಿನ ಕಡತ ಅದು. ಭಾನುವಾರವೂ ಟ್ಯಾಂಕರು ಬರುತ್ತಲೇ ಇರುವುದರಿಂದ ಆ ಕಡತವನ್ನು ವೇಬ್ರಿಜ್ಜಿನ ಪ್ರೋಗ್ರಾಮು ಹಿಡಿದುಕೊಂಡಿರುತ್ತಿತ್ತು, ಟೇಪಿಗೆ ಬಿಟ್ಟುಕೊಡುತ್ತಿರಲಿಲ್ಲ. ಮರುದಿನ ಅದರ ನಕಲು ಬೇರೆ ಕಡೆ ಹೋಗುತ್ತಿದ್ದುದರಿಂದ ಅದರಿಂದೇನೂ ತೊಂದರೆಯಿರಲಿಲ್ಲ. ಮೊದಮೊದಲು ಪೂರ್ತಿ ವರದಿ ಓದುತ್ತಿದ್ದೆ. ಪ್ರತಿ ವಾರ ಅದೇ ಹೆಸರು. ಆಮೇಲೆ ಕೊನೆಯ ಹಾಳೆ ಮಾತ್ರ ಹರಿದು, ಆ ಒಂದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ಸಹಿ ಮಾಡಿ ಬೀರುವಿನಲ್ಲಿಡುವುದು ರೂಢಿಯಾಯಿತು. ಉಳಿದ ಹಾಳೆಗಳು ಕ್ಯಾಂಟೀನಿಗೆ ಹೋಗುತ್ತಿದ್ದವು. ನಮ್ಮ ಕಾರ್ಖಾನೆಯ ವಡೆಗಳೆಲ್ಲ ಎಣ್ಣೆ ಬಿಟ್ಟದ್ದು ನನ್ನ ವರದಿಗಳ ಮೇಲೆಯೇ.

ಹೊಸ ಕುರ್ಚಿಗೆ ಬಂದವಳು ಚನ್ನಪಟ್ಟಣದ ಹುಡುಗಿ. ಇಪ್ಪತ್ತೆಂಟಿರಬಹುದು. ಮನೆಯಲ್ಲಿ ಮೂರು ತಲೆಮಾರಿನಿಂದ ಬೊಂಬೆ ಮಾಡುವವರು. ಅವಳ ಅಪ್ಪ ಈಗಲೂ ದಿನಾ ಮರ ತಿರುಗಿಸುವ ಚರಕಿಯ ಮುಂದೆ ಕೂತು ಅರಗು ಹಚ್ಚುತ್ತಾರಂತೆ. ಎಂಜಿನಿಯರಿಂಗ್ ಓದಿದ್ದಳು. ಬಂದ ಮೊದಲ ದಿನವೇ ನನ್ನನ್ನು ಅಕ್ಕ ಎಂದಳು. ನನಗೆ ಬೈಯಲು ಒಂದು ಕಾರಣವನ್ನೂ ಕೊಡಲಿಲ್ಲ. ಟೈಮಿಗೆ ಸರಿಯಾಗಿ ಬರುತ್ತಿದ್ದಳು, ನಾನು ಕೂತ ಮೇಲೆ ಕೂರುತ್ತಿದ್ದಳು, ಹಬ್ಬಕ್ಕೆ ಶಾವಿಗೆ ಪಾಯಸ ತಂದರೆ ಮೊದಲ ಲೋಟ ನನಗೆ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ಆದರೂ ಮಾಡಿದೆ.

ಮೊದಲ ಕಿಚ್ಚು ಹತ್ತಿದ್ದು ಡಿಸ್ಕಿನ ವಿಷಯದಲ್ಲಿ. ಆ ಯಂತ್ರದ ಡಿಸ್ಕು ವರ್ಷಗಳಿಂದ ಎಂಬತ್ತೇಳು, ಎಂಬತ್ತೆಂಟರಲ್ಲಿ ಓಡಾಡುತ್ತಿತ್ತು. ಪ್ರತಿ ಶುಕ್ರವಾರ ಡಿಸ್ಕಿನಲ್ಲಿ ಉಳಿದ ಹಳೆಯ ಪ್ರಿಂಟುಗಳನ್ನು, ಯಂತ್ರ ತನ್ನ ದಿನಚರಿ ಬರೆದಿಡುವ ಲಾಗುಗಳಲ್ಲಿ ಬೇಡವಾದವನ್ನು ಒಂದೊಂದಾಗಿ ಅಳಿಸಿ ಅದನ್ನು ತೊಂಬತ್ತರ ಕೆಳಗೆ ಹಿಡಿದಿಟ್ಟವಳು ನಾನು. ಬಡವರ ಮನೆಯ ಗೃಹಿಣಿ ಎಣ್ಣೆ ಉಳಿಸಿದ ಹಾಗೆ ಉಳಿಸಿದ್ದೆ. ಇವಳು ಬಂದ ಮೂರನೇ ತಿಂಗಳು ಒಂದು ಮಧ್ಯಾಹ್ನ ಡಿಸ್ಕಿನ ವರದಿ ತೆಗೆದು ನೋಡಿ, "ಅಕ್ಕ, ಈ ಫೈಲುಗಳಲ್ಲಿ ಅಳಿಸಿದ ಸಾಲುಗಳೇ ಅರ್ಧಕ್ಕಿಂತ ಜಾಸ್ತಿ ಇವೆ. ಅಳಿಸಿದ್ರೂ ಜಾಗ ಹಿಡ್ಕೊಂಡೇ ಕೂತಿರ್ತವೆ. ಒಂದ್ಸಲ ಒತ್ತಿ ಜೋಡಿಸಿಬಿಡೋಣ್ವಾ?" ಎಂದಳು.

ಅದು ನನಗೂ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಆದರೆ ನಡುವೆ ಏನಾದರೂ ಆಗಿಬಿಟ್ಟರೆ ಎಂದು ಹೆದರಿ ಹತ್ತು ವರ್ಷದಿಂದ ಕೈ ಹಾಕಿರಲಿಲ್ಲ. ಅವಳು ಕೈ ಹಾಕಿದಳು. ಎರಡು ದಿನದಲ್ಲಿ ಎಂಬತ್ತೆಂಟು ಇದ್ದದ್ದು ಅರವತ್ತೊಂದಕ್ಕೆ ಇಳಿಯಿತು.

ಮ್ಯಾನೇಜರು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯ ಕಡೆಯವರು. ಹೊಲಗದ್ದೆ ಇಟ್ಟುಕೊಂಡೇ ಮ್ಯಾನೇಜರಾದವರು, ಮಾತಿನಲ್ಲಿ ಪೇಟೆ ಸೇರಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ನಿಂತು, "ನೋಡ್ರಪ್ಪಾ, ಹೊಸ ಡಿಸ್ಕಿಗೆ ದುಡ್ಡು ಕೇಳ್ಬೇಕು ಅಂತಿದ್ದೆ. ಈ ಮಗ ಬಂದು ಒಂದ್ ರೂಪಾಯಿ ಖರ್ಚಿಲ್ದೆ ಜಾಗ ಮಾಡ್ಕೊಟ್ಬುಟ್ಳು. ತಲೆ ಐತೆ ಕಣ್ರೋ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಉರಿಯುವಷ್ಟು ಜೋರಾಗಿ ತಟ್ಟಿದೆ.

ಹತ್ತು ವರ್ಷ ಶುಕ್ರವಾರ ಶುಕ್ರವಾರ ಗುಡಿಸಿದವಳಿಗೆ ಒಂದು ಚಪ್ಪಾಳೆಯಿಲ್ಲ, ಎರಡು ದಿನ ಗುಡಿಸಿದವಳಿಗೆ ಇಡೀ ಕ್ಯಾಂಟೀನು. ಮನೆಗೆ ಹೋಗಿ ಪಾತ್ರೆ ಕುಕ್ಕಿದೆ. ಗಂಡ ಕೊಟ್ಟಿಗೆಯಿಂದ ಇಣುಕಿ, "ಏನಮ್ಮಿ, ಯಾರ್ ಮ್ಯಾಲಿನ್ ಸಿಟ್ಟು ಅದು? ಪಾತ್ರೆ ಏನ್ ಮಾಡ್ತು ನಿಂಗೆ?" ಎಂದ. ಹೇಳಿದೆ. ಅವನು ಹಸುವಿನ ಬೆನ್ನು ಸವರುತ್ತಾ, "ಡಿಸ್ಕಲ್ಲಿ ಜಾಗ ಆಯ್ತಲ್ಲ, ಒಳ್ಳೇದೇ ಅಲ್ವಾ?" ಎಂದ. ಇಂಥ ಗಂಡಸಿಗೆ ಏನು ಹೇಳುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ನಮ್ಮಂಥ ಜೋಡಿಯನ್ನು ನೋಡಿಯೇ ಇರಬೇಕು.

ಆಮೇಲೆ ಒಂದು ಸುದ್ದಿ ಬಂತು. ಯಂತ್ರದ ರೂಮಿಗೆ ಇನ್‌ಚಾರ್ಜ್ ಎಂಬ ಹೊಸ ಹುದ್ದೆ ಮಾಡುತ್ತಾರೆ, ಇಬ್ಬರಲ್ಲಿ ಒಬ್ಬರಿಗೆ ಕೊಡುತ್ತಾರೆ, ತಿಂಗಳೊಪ್ಪತ್ತಿನಲ್ಲಿ ಮ್ಯಾನೇಜರು ತೀರ್ಮಾನ ಮಾಡುತ್ತಾರೆ ಎಂದು. ಇನ್‌ಚಾರ್ಜ್ ಆದವರ ಕೈಗೆ ಯಂತ್ರದ ಮುಖ್ಯ ಪಾಸ್‌ವರ್ಡು. ಇನ್ನೊಬ್ಬರು ಏನೇ ದೊಡ್ಡ ಕೆಲಸ ಮಾಡಬೇಕಾದರೂ ಅವರನ್ನು ಕೇಳಿ ಮಾಡಬೇಕು. ನನ್ನ ಯಂತ್ರವನ್ನು ಮುಟ್ಟಲು ನಾನು ಅವಳನ್ನು ಕೇಳಬೇಕಾಗಿ ಬಂದರೆ! ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತಾ ಇಳಿಯಬೇಕಾದ ಸ್ಟಾಪು ದಾಟಿಹೋಗಿ ಒಂದು ಮೈಲಿ ವಾಪಸ್ಸು ನಡೆದಿದ್ದೇನೆ.

ಅವಳಿಗೆ ಆ ಯೋಚನೆಯೇ ಇದ್ದಂತಿರಲಿಲ್ಲ. ಒಂದು ಬುಧವಾರ ಬಂದು, "ಅಕ್ಕ, ಭಾನುವಾರದ ರಿಪೋರ್ಟಲ್ಲಿ ಯಾವಾಗ್ಲೂ ಒಂದು ಉಳಿಯುತ್ತಲ್ಲ, ವೇಬ್ರಿಜ್ದು. ಬ್ಯಾಕಪ್ ಶುರುವಾಗೋ ಮುಂಚೆ ಅದನ್ನ ಹತ್ತು ನಿಮಿಷ ನಿಲ್ಲಿಸೋ ಹಾಗೆ ಮಾಡಿದ್ದೀನಿ. ಇನ್ಮೇಲೆ ಸೊನ್ನೆ ಬರಬೇಕು" ಎಂದಳು. ಹನ್ನೊಂದು ವರ್ಷ ನಾನು ಕೆಂಪು ಗುರುತು ಹಾಕಿದ ಒಂದು. ಅದನ್ನೂ ಕಿತ್ತುಕೊಂಡಳು. "ಭಾನುವಾರದ ಕೆಲಸ ನಂದು, ಕೇಳಿ ಮಾಡ್ಬೇಕಿತ್ತು" ಎಂದೆ. ಅವಳ ಮುಖ ಬಾಡಿತು. "ತಪ್ಪಾಯ್ತು ಅಕ್ಕ. ತೆಗೆದುಬಿಡ್ಲಾ?" ಎಂದಳು. ತೆಗೆಯೆಂದರೆ ಕಾರಣ ಕೊಡಬೇಕಲ್ಲ. "ಇರ್ಲಿ ಬಿಡು" ಎಂದೆ.

ಅದರ ಮಾರನೆಯ ದಿನ ಗುರುವಾರ ಮಧ್ಯಾಹ್ನ ಗುಡುಗು ಮಳೆ. ಎಲ್ಲೋ ಸಿಡಿಲು ಬಡಿದು ಕರೆಂಟು ಹೋಯಿತು. ಹಾಗಾದಾಗ ಕೈ ಹಿಡಿಯಬೇಕಾದ ಯುಪಿಎಸ್ಸು ಅವತ್ತು ಬ್ಯಾಟರಿ ಸತ್ತು ಕೈ ಕೊಟ್ಟಿತು. ಯಂತ್ರ ಒಂದೇ ಏಟಿಗೆ ಕಪ್ಪಾಯಿತು. ಕರೆಂಟು ಬಂದ ಮೇಲೆ ಎದ್ದುಕೊಂಡಿತೇನೋ ಸರಿ. ಅವಳು ಮಾತ್ರ ಯಂತ್ರದ ಬಾಗಿಲ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, "ನಮ್ಮಪ್ಪ ಮರದ ತುಂಡು ಕೆಳಗೆ ಬಿದ್ರೆ ಹೀಗೆ ತಟ್ಟಿ ನೋಡ್ತಾರೆ, ಒಳಗೆ ಬಿರುಕು ಬಿಟ್ಟಿದ್ರೆ ಸದ್ದೇ ಬೇರೆ ಬರುತ್ತೆ ಅಂತ. ಅಕ್ಕ, ಈ ಭಾನುವಾರ ದೊಡ್ಡ ಚೆಕ್ಕು ಮಾಡಿಬಿಡೋಣ್ವಾ?" ಎಂದಳು.

ಮಾಡಬೇಕಾಗಿತ್ತು. ನಾನೊಬ್ಬಳೇ ಇದ್ದಿದ್ದರೆ ಮ್ಯಾನೇಜರ ಕಾಲು ಹಿಡಿದಾದರೂ ಮಾಡುತ್ತಿದ್ದೆ. ಆದರೆ ಆ ಮಾತು ಅವಳ ಬಾಯಿಂದ ಮೊದಲು ಬಂದುಬಿಟ್ಟಿತ್ತು. "ಹೋದ ತಿಂಗಳು ತಾನೇ ಮಾಡಿದ್ದೀವಿ. ಬೇಕಾಗಿಲ್ಲ" ಎಂದೆ. ಅವಳು "ಸರಿ ಅಕ್ಕ. ಏನಾದ್ರೂ ಕೆಟ್ಟಿದ್ರೆ ಬ್ಯಾಕಪ್ ರಿಪೋರ್ಟಲ್ಲೇ ಗೊತ್ತಾಗುತ್ತಲ್ಲ" ಎಂದು ತನ್ನ ಕೆಲಸಕ್ಕೆ ಹೋದಳು.

ಭಾನುವಾರ ಬೆಳಗ್ಗೆ ಬ್ಯಾಕಪ್ಪು ಮುಗಿಯುವ ಹೊತ್ತಿಗೆ ನಾನು ಪ್ರಿಂಟರಿನ ಮುಂದೆ ನಿಂತಿದ್ದೆ. ಕರಕರ ಎಂದು ಹಾಳೆ ಮಡಚಿ ಬೀಳುತ್ತಿತ್ತು. ಕೊನೆಯ ಹಾಳೆ ಬಂತು. ಕೊನೆಯ ಸಾಲು ನೋಡಿದೆ.

ಒಂದು.

ನನಗಾದ ಸಂತೋಷವನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಹೊಸ ಸೀರೆಗೂ ನಾನು ಅಷ್ಟು ಖುಷಿಪಟ್ಟವಳಲ್ಲ. ಸೊನ್ನೆ ತರುತ್ತೇನೆ ಎಂದು ಹೊರಟವಳ ರಿಪೇರಿ ಕೈ ಕೊಟ್ಟಿದೆ! ಎಂಜಿನಿಯರಿಂಗಂತೆ, ತಲೆಯಂತೆ! ಹಾಳೆ ಹರಿದು, ಎಂದಿಗಿಂತ ಗಟ್ಟಿಯಾಗಿ ಕೆಂಪು ಗುರುತು ಹಾಕಿ, ಉಳಿದದ್ದನ್ನು ಕ್ಯಾಂಟೀನಿನ ಬುಟ್ಟಿಗೆ ಹಾಕಿದೆ. ಹಿಂದಿನ ಹಾಳೆ ತಿರುಗಿಸಿ, ಉಳಿದ ಆ ಒಂದರ ಹೆಸರು ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ. ಹೆಸರು ಗೊತ್ತಿತ್ತಲ್ಲ.

ಸೋಮವಾರ ಬೆಳಗ್ಗೆ ಅವಳು ಬ್ಯಾಗು ಇಡುವ ಮೊದಲೇ ಕೇಳಿದಳು. "ಅಕ್ಕ, ಸೊನ್ನೆ ಬಂತಾ?"

"ಹೂಂ" ಎಂದೆ.

ಯಾಕೆ ಹಾಗೆಂದೆ? ಇಲ್ಲ ಎಂದಿದ್ದರೆ ಅವಳು ಅವತ್ತೇ ಸರಿಮಾಡಿಬಿಡುತ್ತಾಳೆ, ಮುಂದಿನ ವಾರ ಸೊನ್ನೆ ಬರುತ್ತದೆ, ಮತ್ತೊಂದು ಚಪ್ಪಾಳೆ ಬೀಳುತ್ತದೆ. ನನಗೆ ಬೇಕಾಗಿದ್ದದ್ದು ಅವಳ ತಪ್ಪು ಬೆಳೆಯುವುದು. ಒಂದು ವಾರದ ತಪ್ಪನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಐದಾರು ವಾರದ್ದಾದರೆ ಮ್ಯಾನೇಜರ ಮೇಜಿನ ಮೇಲೆ ಹರಡಬಹುದು. ಅವಳಿಗೆ ತಾನು ಮಾಡಿದ ಕೆಲಸ ಆಗಿದೆಯೋ ಇಲ್ಲವೋ ಎಂದೇ ಗೊತ್ತಿಲ್ಲ ಎಂದು ತೋರಿಸಬಹುದು. ಇಷ್ಟೆಲ್ಲ ಲೆಕ್ಕ ಆ ಹೂಂ ಎನ್ನುವುದರೊಳಗೆ ಮುಗಿದುಹೋಗಿತ್ತು.

ಎರಡನೇ ಭಾನುವಾರ ಒಂದು. ಮೂರನೇ ಭಾನುವಾರ ಒಂದು. ನಾನು ಹಾಳೆಗಳನ್ನು ಬೇರೆ ಕವರಿನಲ್ಲಿ ಇಡತೊಡಗಿದೆ. ನಡುವೆ ಅವಳು ಒಂದು ದಿನ ಚನ್ನಪಟ್ಟಣದಿಂದ ನಮ್ಮ ಅಕ್ಕನ ಮೊಮ್ಮಗುವಿಗೆಂದು ಒಂದು ಗಿಲಕಿ ತಂದುಕೊಟ್ಟಳು, ಅವಳಪ್ಪ ಮಾಡಿದ್ದು. ತೆಗೆದುಕೊಂಡೆ. ಕವರು ಇದ್ದ ಬೀರುವಿನಲ್ಲೇ ಇಟ್ಟು ಬೀಗ ಹಾಕಿದೆ. ಆ ದಿನಗಳಲ್ಲಿ ನಾನು ಅವಳ ಜೊತೆ ಎಂದಿಗಿಂತ ಚೆನ್ನಾಗಿ ಮಾತಾಡುತ್ತಿದ್ದೆ. ಗೆಲ್ಲುತ್ತೇನೆಂದು ಗೊತ್ತಿರುವವರಿಗೆ ಒಳ್ಳೆಯವರಾಗಿರುವುದು ಸುಲಭ.

ಇಲ್ಲಿ ಟೇಪಿನ ವಿಷಯ ಹೇಳಬೇಕು. ನಮ್ಮ ಯಂತ್ರಕ್ಕೆ ಹಾಕುವ ಜಾತಿಯ ಟೇಪು ಈಗ ಪೇಟೆಯಲ್ಲಿ ಸಿಗುವುದಿಲ್ಲ. ಇದ್ದದ್ದು ಆರು. ವಾರಕ್ಕೊಂದರಂತೆ ಆರನ್ನೂ ಬಳಸಿ, ಏಳನೇ ವಾರ ಮತ್ತೆ ಮೊದಲನೆಯದರ ಮೇಲೆಯೇ ಬರೆಯುವುದು. ಅಂದರೆ ಇವತ್ತು ಏನಾದರೂ ಕೆಟ್ಟರೆ, ಕೆಡುವ ಮೊದಲಿನ ಒಳ್ಳೆಯ ನಕಲು ಐದು ವಾರ ನಮ್ಮ ಬೀರುವಿನಲ್ಲಿ ಇರುತ್ತದೆ. ಆರನೇ ಭಾನುವಾರ ಅದರ ಮೇಲೆ ಹೊಸದು ಬೀಳುತ್ತದೆ. ಇದು ಯಂತ್ರದ ನಿಯಮವಲ್ಲ, ನಾನೇ ಮಾಡಿದ ಪದ್ಧತಿ. ಐದು ವಾರದೊಳಗೆ ಎಂಥ ಕೆಡುಕೂ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂಬ ಭರವಸೆ ನನಗಿತ್ತು.

ಐದನೇ ಭಾನುವಾರವೂ ಒಂದು ಬಂತು. ಅಷ್ಟರಲ್ಲಿ ಮ್ಯಾನೇಜರು, ಮುಂದಿನ ಸೋಮವಾರ ನಿಮ್ಮಿಬ್ಬರನ್ನೂ ಕರೆದು ಮಾತಾಡುತ್ತೇನೆ ಎಂದರು. ನಾನು ಕವರು ತೆಗೆದವಳು ಮತ್ತೆ ಒಳಗಿಟ್ಟೆ. ಇನ್ನೊಂದು ವಾರ ತಾನೇ, ಆರಾಗಲಿ, ತೂಕ ಹೆಚ್ಚುತ್ತದೆ ಎಂದುಕೊಂಡೆ. ಆರನೇ ಭಾನುವಾರ ಮೊದಲನೇ ನಂಬರಿನ ಟೇಪನ್ನು ನನ್ನ ಕೈಯಾರೆ ಯಂತ್ರಕ್ಕೆ ತಳ್ಳಿದೆ. ಕ್ಯಾಸೆಟ್ಟು ನುಂಗಿದ ಸದ್ದು ಬಂತು. ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡೆ. ಆ ಕಾಫಿ ಬಹಳ ಚೆನ್ನಾಗಿತ್ತು, ಇನ್ನೂ ನೆನಪಿದೆ.

ಸೋಮವಾರ ಹನ್ನೊಂದು ಗಂಟೆಗೆ ಮ್ಯಾನೇಜರ ರೂಮು. ಅವಳು ನನ್ನ ಪಕ್ಕದಲ್ಲಿ ಕೂತಿದ್ದಳು. ಮ್ಯಾನೇಜರು, "ಇಬ್ರೂ ನಂಗೆ ಬೇಕಾದೋರೇ. ಯಾರ್ಗೆ ಕೊಟ್ರೆ ಯಾಕೆ ಕೊಡ್ಬೇಕು, ನೀವೇ ಒಸಿ ಹೇಳಿ" ಎಂದರು. ನಾನು ಕವರಿನಿಂದ ಆರು ಹಾಳೆ ತೆಗೆದು ಮೇಜಿನ ಮೇಲೆ ಸಾಲಾಗಿ ಹರಡಿದೆ. ಸೊನ್ನೆ ಬರುತ್ತದೆಂದು ಇವರು ಮಾಡಿದ ರಿಪೇರಿ ಇದು, ಆರು ವಾರದಿಂದ ಒಂದೇ ಬರುತ್ತಿದೆ, ಇವರು ಒಮ್ಮೆಯೂ ನೋಡಿಲ್ಲ, ಹೊಸತನ್ನು ಮಾಡುವುದು ದೊಡ್ಡದಲ್ಲ ಸರ್, ಮಾಡಿದ್ದನ್ನು ಕಾಯುವುದು ದೊಡ್ಡದು ಎಂದೆ. ಈ ಕೊನೆಯ ಮಾತನ್ನು ಬಸ್ಸಿನಲ್ಲಿ ಎರಡು ವಾರ ಅಭ್ಯಾಸ ಮಾಡಿದ್ದೆ.

ಮ್ಯಾನೇಜರು ಕನ್ನಡಕ ಏರಿಸಿ ನೋಡಿ, "ಏನಮ್ಮಾ ಇದು?" ಎಂದು ಅವಳ ಕಡೆ ತಿರುಗಿದರು.

ಅವಳು ಹಾಳೆಗಳನ್ನು ಒಂದೊಂದಾಗಿ ನೋಡಿದಳು. ನಾಚುತ್ತಾಳೆ, ಅಳುತ್ತಾಳೆ, ಇಲ್ಲವೇ ನೀವೇ ಹೂಂ ಅಂದಿದ್ದಿರಲ್ಲ ಎಂದು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಜಗಳಕ್ಕೂ ಉತ್ತರ ಸಿದ್ಧವಾಗಿತ್ತು. ಅವಳು ನನ್ನನ್ನು ನೋಡಿ ಮೆಲ್ಲಗೆ ಕೇಳಿದ್ದು ಒಂದೇ.

"ಅಕ್ಕ, ಯಾವುದು ಉಳಿದಿದ್ದು?"

"ಯಾವುದು ಅಂದ್ರೆ? ಅದೇ. ವೇಬ್ರಿಜ್ದು."

"ಹೆಸರು ನೋಡಿದ್ರಾ? ಹಿಂದಿನ ಹಾಳೆಯಲ್ಲಿ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಎದ್ದು ಯಂತ್ರದ ರೂಮಿಗೆ ಓಡಿದಳು. ನಾನೂ ಹಿಂದೆ ಹೋದೆ. ಮ್ಯಾನೇಜರು ಪಂಚೆಯಲ್ಲಿರುವವರಂತೆ ಪ್ಯಾಂಟನ್ನೇ ಎತ್ತಿ ಹಿಡಿದುಕೊಂಡು ನಮ್ಮ ಹಿಂದೆ ಬಂದರು. ಅವಳು ನಿಂತುಕೊಂಡೇ ಯಂತ್ರದ ಲಾಗು ತೆಗೆದು ಹಿಂದಿನ ದಿನದ ಬ್ಯಾಕಪ್ಪಿಗೆ ಹೋದಳು. ವೇಬ್ರಿಜ್ಜಿನ ಕಡತ ಸರಿಯಾಗಿ ನಕಲಾಗಿತ್ತು. ಆರು ವಾರವೂ ಆಗಿತ್ತು. ಅವಳ ರಿಪೇರಿ ಮೊದಲ ದಿನದಿಂದಲೇ ಕೆಲಸ ಮಾಡಿತ್ತು. ಉಳಿದ ಆ ಒಂದು ಬೇರೆಯದು, ಅದರ ಪಕ್ಕದಲ್ಲಿ ಕೆಟ್ಟಿದೆ ಎಂದು ಬರೆದಿತ್ತು. ಸಿಡಿಲು ಬಡಿದ ಗುರುವಾರ ಕೆಟ್ಟದ್ದು.

ಅದು ಹಸುಗಳ ವಂಶದ ಹಳೆಯ ಕಡತ. ನಮಗೆ ಹಾಲು ಹಾಕುವ ಮನೆಗಳ ಒಂದೊಂದು ಹಸುವಿಗೂ ಯಾವಾಗ ಗರ್ಭದ ಇಂಜೆಕ್ಷನ್ ಆಯಿತು, ಯಾವ ಹೋರಿಯದು, ಯಾವಾಗ ಕರು ಹಾಕಿತು, ಹೆಣ್ಣೋ ಗಂಡೋ ಎಂದು ಹದಿನೈದು ವರ್ಷದಿಂದ ಸೇರಿಸುತ್ತಾ ಬಂದದ್ದು. ಹೊಸ ವಿವರಗಳನ್ನು ಆರು ತಿಂಗಳಿಗೊಮ್ಮೆ ಒಟ್ಟಿಗೆ ಸೇರಿಸುವುದು ಬಿಟ್ಟರೆ ಯಾರೂ ಅದನ್ನು ತೆಗೆಯುವುದಿಲ್ಲ. ಹಳ್ಳಿಗೆ ಹೋಗುವ ಡಾಕ್ಟರು ವರ್ಷಕ್ಕೆ ಎರಡು ಸಲ ಅದರಿಂದ ಪಟ್ಟಿ ಮಾಡಿಸಿಕೊಳ್ಳುತ್ತಾರೆ, ಅಪ್ಪನದೇ ಬೀಜ ಮಗಳಿಗೆ ಬೀಳದಿರಲಿ ಎಂದು. ಬಿದ್ದರೆ ಕರು ಬಡಕಲಾಗುತ್ತದೆ, ತಳಿ ಇಳಿಯುತ್ತದೆ. ನಮ್ಮ ಮನೆಯ ಕೊಟ್ಟಿಗೆಯಲ್ಲಿರುವ ನಾಲ್ಕರ ಅಜ್ಜಿ ಮುತ್ತಜ್ಜಿಯರೂ ಅದರಲ್ಲಿದ್ದರು.

"ಸಿಡಿಲಿಗೆ ಮುಂಚಿನ ಟೇಪ್ ಯಾವುದು ಅಕ್ಕ?" ಎಂದು ಅವಳು ಬೀರುವಿನ ಕಡೆ ಕೈ ಚಾಚಿದಳು. ಇನ್ನೂ ಭರವಸೆಯ ದನಿಯಲ್ಲೇ ಕೇಳಿದಳು.

"ಒಂದನೇ ನಂಬರಿಂದು" ಎಂದೆ.

ಅವಳು ಅದನ್ನು ತೆಗೆದುಕೊಂಡಳು. ಅದರ ಮೇಲೆ ನನ್ನ ಕೈಬರಹದಲ್ಲಿ ನಿನ್ನೆಯ ತಾರೀಖು ಇತ್ತು. ಅವಳು ಅದನ್ನು ಗಟ್ಟಿಯಾಗಿ ಓದಿದಳು. ಟೇಪನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು.

ಮ್ಯಾನೇಜರಿಗೆ ಯಂತ್ರದ ಭಾಷೆ ಬಾರದು. ಆದರೆ ಮುಖ ಓದಲು ಬರುತ್ತದೆ. "ಮೊನ್ನೆ ಸನಿವಾರ ಈ ಹಾಳೆ ತಂದು ತೋರ್ಸಿದ್ರೆ ಉಳ್ಕತಿತ್ತಾ?" ಎಂದು ಅವಳನ್ನು ಕೇಳಿದರು. ಅವಳು ಪರದೆಯ ಕಡೆ ತಿರುಗಿಕೊಂಡಳು. ನಾನೇ ಹೇಳಬೇಕಾಯಿತು. "ಉಳ್ಕೊಳ್ತಿತ್ತು ಸರ್" ಎಂದೆ. ಅವರು ನನ್ನನ್ನು ನೋಡಿ, "ನೀನಾ ಅಮ್ಮಾ!" ಎಂದು ಹೊರಗೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಅವಳು ಹತ್ತು ದಿನ ಆ ಕಡತದ ಹಿಂದೆ ಬಿದ್ದಳು. ಕೆಟ್ಟ ಜಾಗವನ್ನು ಹಾರಿ ಹಾರಿ, ಮುಂದಿನಿಂದ ಒಂದಷ್ಟು, ಹಿಂದಿನಿಂದ ಒಂದಷ್ಟು ಸಾಲುಗಳನ್ನು ಬೇರೆ ಕಡತಕ್ಕೆ ಎತ್ತಿದಳು. ಕೊಳೆತ ಭಾಗ ಬಿಟ್ಟು ಕುಂಬಳಕಾಯಿ ಹೆಚ್ಚಿದ ಹಾಗೆ. ಕನಕಪುರದ ಹಳ್ಳಿಗಳದ್ದು ಪೂರ್ತಿ ಸಿಕ್ಕಿತು, ರಾಮನಗರ, ಚನ್ನಪಟ್ಟಣದ್ದು ಬಹುಪಾಲು ಸಿಕ್ಕಿತು. ಹೋದದ್ದು ಮಾಗಡಿ ತಾಲ್ಲೂಕಿನದು, ಅದರಲ್ಲೂ ನಮ್ಮ ಕುದೂರಿನ ಕಡೆಯ ಹಳ್ಳಿಗಳದ್ದು. ನನ್ನ ತವರಿನ ದನಗಳಿಗೆ ಅಪ್ಪ ಅಮ್ಮ ಯಾರೆಂದು ಈಗ ಯಂತ್ರಕ್ಕೂ ಗೊತ್ತಿಲ್ಲ.

ಆ ಹಳ್ಳಿಗಳ ಮನೆಗಳಲ್ಲಿ ಇಂಜೆಕ್ಷನ್ ಹಾಕಿಸಿದಾಗ ಕೊಟ್ಟ ಹಳದಿ ಚೀಟಿಗಳಿರುತ್ತವೆ. ಹಾಲು ತರುವ ಗಾಡಿಯವರ ಕೈಲಿ ಹೇಳಿಕಳಿಸಿ, ಸಿಕ್ಕಷ್ಟನ್ನು ತರಿಸಿದೆವು. ದೇವರ ಪಟದ ಹಿಂದೆ ಸಿಕ್ಕಿಸಿದ್ದು, ಗೆದ್ದಲು ತಿಂದದ್ದು, ರಾಗಿ ಹಿಟ್ಟು ಮೆತ್ತಿದ್ದು. ನನ್ನ ಅಣ್ಣನೇ ಹನ್ನೆರಡು ಚೀಟಿ ಕಳಿಸಿ, "ನಿಮ್ ಕಂಪ್ಯೂಟ್ರು ಮರ್ತೋಯ್ತಂತಲ್ಲವ್ವಾ, ನಮ್ ಗೋಡೆ ಮರ್ತಿಲ್ಲ ನೋಡು" ಎಂದು ಫೋನಿನಲ್ಲಿ ನಕ್ಕ. ಮರೆತದ್ದು ಯಾರೆಂದು ನಾನು ಅವನಿಗೆ ಹೇಳಲಿಲ್ಲ. ಹುದ್ದೆ ಅವಳಿಗೆ ಬಂತು. ಅದಕ್ಕೆ ಯಾವ ಮೀಟಿಂಗೂ ನಡೆಯಲಿಲ್ಲ, ಮುಖ್ಯ ಪಾಸ್‌ವರ್ಡನ್ನು ನಾನೇ ಒಂದು ಚೀಟಿಯಲ್ಲಿ ಬರೆದು ಅವಳ ಕೀಬೋರ್ಡಿನ ಕೆಳಗೆ ಇಟ್ಟೆ. ಅವಳು ಅದನ್ನು ನೋಡಿ, ಓದಿ, ಹರಿದು ಹಾಕಿದಳು.

ಆಮೇಲೆ ನಾವಿಬ್ಬರೂ ಹಳದಿ ಚೀಟಿ ಟೈಪು ಮಾಡುತ್ತಾ ಕೂತೆವು. ನಾನು ಓದುವುದು, ಅವಳು ಹೊಡೆಯುವುದು. ಮಾತಿಗೆ ಮಾತು ಇತ್ತು, ಆದರೆ ಆ ಸೋಮವಾರದ ಮಾತಿಲ್ಲ. ಅವಳು ಎತ್ತಲಿಲ್ಲ. ಅವಳು ಎತ್ತದಿದ್ದದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ? ಕೆಲಸದಲ್ಲಿ ಮುಂದೆ, ಒಳ್ಳೆತನದಲ್ಲೂ ಮುಂದೆ. ಎಲ್ಲೋ ಒಂದು ಕಡೆಯಾದರೂ ನನಗೆ ಜಾಗ ಬಿಡಬಾರದೇ ಎನ್ನಿಸಿತು.

ನಾಲ್ಕನೇ ದಿನ ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಬಂದವಳು ಕೂರದೆ ನಿಂತುಕೊಂಡೇ ಹೇಳಿಬಿಟ್ಟೆ. "ನಾನು ಮರೆತು ಹೂಂ ಅಂದಿದ್ದಲ್ಲ. ನಿನ್ನ ರಿಪೇರಿ ಕೆಟ್ಟಿದೆ ಅಂದ್ಕೊಂಡಿದ್ದೆ. ಕೆಟ್ಟೇ ಇರ್ಲಿ, ಎಲ್ರೂ ನೋಡ್ಲಿ ಅಂತ ಆರು ವಾರ ಬಚ್ಚಿಟ್ಟಿದ್ದೆ. ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು" ಎಂದೆ.

ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಸಿಟ್ಟು ಬಂದಿತ್ತು, ಅವಳಿಗೆ ಸಿಟ್ಟು ಬರುವುದನ್ನು ನಾನು ನೋಡಿದ್ದು ಅದೊಂದೇ ಸಲ.

"ಹೊಟ್ಟೆ ಉರಿದ್ರೆ ಉರೀಲಿ ಅಕ್ಕ, ಅದಕ್ಕೇನು," ಎಂದಳು. "ಸೊನ್ನೆ ಬಂತಾ ಅಂತ ಆ ಮೊದಲ ಸೋಮವಾರ ನಾನು ಕೇಳಿದಾಗ ನನ್ನ ನೋಡಿ ನಕ್ಕುಬಿಡಬೇಕಾಗಿತ್ತು. ಇವಳ ಕೈಲಿ ಆಗ್ಲಿಲ್ಲ ನೋಡ್ರೋ ಅಂತ ಕ್ಯಾಂಟೀನಲ್ಲಿ ಎಲ್ಲರ ಮುಂದೆ ಆಡ್ಕೋಬೇಕಾಗಿತ್ತು. ನಾನು ಅಳ್ತಾ ಅಳ್ತಾನೇ ಬಂದು ಯಾವುದು ಉಳಿದಿದೆ ಅಂತ ಅವತ್ತೇ ನೋಡ್ತಿದ್ದೆ."

ನಾನು ಮುಂದಿನ ಚೀಟಿ ಕೈಗೆತ್ತಿಕೊಂಡೆ. ಅದಕ್ಕೆ ಮೆತ್ತಿದ್ದ ರಾಗಿ ಹಿಟ್ಟನ್ನು ಸೆರಗಿನಿಂದ ಒರೆಸಿದೆ. ಅವಳು ಕೀಬೋರ್ಡಿನ ಮೇಲೆ ಮತ್ತೆ ಕೈಯಿಟ್ಟು ಕಾದಳು.